ಕುರ್ಚಿ, ತೆಳಗಿಂದ

ವಾಡಿ ಜಂಕ್ಷನ್ನಿನ ಹಳೇ ವೇಟಿಂಗ್ ರೂಮಿನ ಸಾಮಾನು
ಲಿಲಾವಿನಾಗ ಹಿಡಿದು ತಂದಾನ ಖೇಮಚಂದ ಸೇಠ.
ಎಂಟು ಕುರ್ಚಿ ನನ್ನ ಅಂಗಡಿ ಮುಂದ ಇಳಿಸಿ, ಬೆವರು ಒರಸಿ ಅಂದ:
"ಮಾನಪ್ಪ, ಇವು ಅಂಟೀಕು.
ಹೊಸಾವು ಅನಿಸಬಾರದು, ಮುರದಾವು ಅಂತನೂ ಅನಿಸಬಾರದು."

ಎರಡರ ನಡುವಿನ ಸಂದಿ ಎಷ್ಟಂತ ನನಗ ಗೊತ್ತು.
ಉಸುಕಿನ ಕಾಗದದ್ದು ಎರಡು ತಿಕ್ಕು.

ಕುರ್ಚಿ ಓದಬೇಕಂದ್ರ ಬೋರಲು ಹಾಕಬೇಕು.
ಮ್ಯಾಲಿಂದ ಅದು ಬರೇ ಮಾಲಕನ ಮಾತು ಆಡತದ.
ತೆಳಗ ಬಾಚಿಯ ಗಾಯ, ಸೀಸದಕಡ್ಡಿ ಗೀರು,
ತಪ್ಪಿ ಕೊರದ ತೂತಿಗ ಬಡದ ಬಿದಿರಿನ ಗೂಟ.
ಯಾವನೋ ಬಡಿಗ್ಯಾ ತನ್ನ ತಪ್ಪು
ಸಾಹೇಬನ ಕುಂಡಿ ತೆಳಗ ಮುಚ್ಚಿಟ್ಟಾನ,
ನೂರು ವರ್ಷ ಯಾರ ಕೈಗೂ ಸಿಕ್ಕಿಲ್ಲ.

ಸಾಗವಾನಿ ಬರ್ಮಾದ್ದು, ಬೆತ್ತ ಮಲಾಯಾದ್ದು,
ನಮೂನಿ ವಿಲಾಯತಿದು.
ನಮ್ಮ ಕಡೀದು ಸರೇಸಿನ ನಾತ.

ಒಂದರ ಕಾಲು ನೋಡ್ರಿ. ಅವರ ಚಿತ್ರದ ಪುಸ್ತಕದಾಗ
ಸಿಂಹದ ಪಂಜ ಒಂದು ಗುಂಡು ಹಿಡಕೊಂಡಿತ್ತಂತ.
ಚಿತ್ತಾಪುರದ ಬಡಿಗ್ಯಾ ಸಿಂಹ ಎಲ್ಲಿ ನೋಡಬೇಕು?
ಹಿತ್ತಲದಾಗಿನ ಹುಂಜ ನೋಡಿ ಕೆತ್ಯಾನ:
ಮುಂದ ಮೂರು ಬೆರಳು, ಹಿಂದ ಒಂದು, ನಡುವ ಲಿಂಬಿಹಣ್ಣು.
ಅವನ ಮಗ ಆ ಹುಂಜ ನೋಡೇ ಕೆತ್ತಿದ,
ಮೊಮ್ಮಗನೂ.
ಹಿಂಗ ತಪ್ಪಿಗ ವಂಶ ಬೆಳೀತು.
ಸೇಠ ಈಗ ಅದಕ ಎರಡು ಸಾವಿರ ಹೆಚ್ಚಿಗಿ ಹೇಳತಾನ.

ಮಖಮಲ್ಲಿನ ಗಾದಿ ತಂದಿದ್ರು ಮೊದಲ.
ಯುಗಾದಿ ದಾಟೂದ್ರಾಗ ಬೆವರಿಗ ಕೊಳೀತು,
ಉಳದದ್ದು ತಿಗಣಿ ಗೆದ್ದಕೊಂಡ್ವು.
ಶಹಾಬಾದ ಫರಸಿಯ ತಂಪು ಬಿಟ್ಟು
ಒಂದೂವರಿ ಫೂಟು ಮ್ಯಾಲ ಏರಿ ಕುಂತ ಮಂದಿ,
ಆಮ್ಯಾಲ ತಂಪು ಬೇಕಂತ
ಕುರ್ಚಿಗ ತೂತು ಹಾಕಿಸಿದ್ರು.

ಆ ತೂತಿನ ಕೆಲಸ ಲಾಡ್ಲೇಮಾಮುಂದು.
ಕಣ್ಣಿಲ್ಲ. ರೈಲ್ವೆದಾಗ ಮೂವತ್ತೊಂದು ವರ್ಷ ಇದೇ ನೌಕರಿ.
ಫರಸಿ ಮ್ಯಾಲ ಕುಂತು, ನೆನಸಿದ ಬೆತ್ತ ಹೆಬ್ಬೆರಳಿಗ ಸುತ್ತಿ,
ಉದ್ದಕ ಎರಡು, ಅಡ್ಡಕ ಎರಡು, ಮೂಲಿಯಿಂದ ಮೂಲಿಗ ಎರಡು.
ಎಂಟು ಮೂಲಿಯ ಕಣ್ಣು ತಾವೇ ತೆರೀತಾವ.
"ಬೆತ್ತ ಯಾರೂ ಹೆಣೀತಾರ, ಮಾನೂ," ಅಂತಾನ,
"ನಾ ಗಾಳಿ ಹೆಣೀತೀನಿ."

ಕಡೀದು ಆರಾಮ ಕುರ್ಚಿ. ಕೈ ಜಗ್ಗಿದ್ರ
ಕೈಯೊಳಗಿಂದ ಇನ್ನೊಂದು ಕೈ ಹೊರಗ ಬರತದ.
ಅದರ ಮ್ಯಾಲ ಕಾಲು ಚಾಚೂದು,
ಎದುರು ಒಬ್ಬಾಂವ ಕುಂತು ಬೂಟು ಜಗ್ಗೂದು.
ಪಟ್ಟಿ ಹಿಡದು ನೋಡೀನಿ. ನೆಲದಿಂದ ಇಪ್ಪತ್ತಮೂರು ಇಂಚು.
ಹಿಮ್ಮಡಿ ಸರಿಯಾಗಿ
ಕುಂತವನ ಎದಿಗ ಬರತದ.
ಇಬ್ಬರ ಅಳತಿ ತಗೊಂಡು ಮಾಡಿದ ಕುರ್ಚಿ ಇದೊಂದೇ.

"ಇಲ್ಲೇನೋ ಗೀಚ್ಯಾರ ನೋಡು," ಅಂದ ಮಾಮು,
ಪಟ್ಟಿಯ ತೆಳಗ ಬೆರಳು ನಿಲ್ಲಿಸಿ.
ಬ್ಯಾಟರಿ ಹಿಡದೆ. ಹೆಸರಲ್ಲ.
ನಾಕು ಗೀಟು, ಮ್ಯಾಲೊಂದು ಅಡ್ಡಗೀಟು. ಮತ್ತ ನಾಕು, ಮತ್ತೊಂದು.
ಎಣಸಿದ್ರ ಹದಿನೇಳು.
ಹದಿನೇಳು ದಿನದ ಹಾಜರಿ
ಉಳಿಯ ತುದಿಲೆ ಬರದಿಟ್ಟಾನ,
ಯಾಕಂದ್ರ ಕಾಗದ ಇದ್ದದ್ದು ಸಾಹೇಬನ ಹಂತೇಕ.

"ತಿಕ್ಕಿ ತಗೀ ಅದನ್ನ, ಗಿರಾಕಿ ಡಾಗು ಅಂತಾರ,"
ಫೋನಿನಾಗ ಸೇಠ. "ಮತ್ತ ಯಾವ ದೊಡ್ಡ ಮನಷಾ ಕುಂತಿದ್ದ ಅಂತ
ಏನಾರ ಒಂದು ಛಂದ ಕಥಿ ಬರದು ಕೊಡು."

ಹೆಣಿಕಿ ಬಿಗಿ ನೋಡಲಿಕ್ಕ ಯಾರಾರ ಕೂಡಬೇಕು.
ಮಾಮು ಕೂಡಂಗಿಲ್ಲ. ಅಂಗೈಲೆ ತಟ್ಟತಾನ,
ದಪ್ಪಿನ ಹಂಗ ನುಡೀತದ, ಸಾಕು ಅಂತಾನ.
ಚಹಾ ತಂದ ಹುಡುಗ ಕುಂತ, ಕಾಲು ಚಾಚಿದ,
ಎದುರಿಗಿದ್ದ ಮಾಮುನ್ನ ನೋಡಿ ಹೌಹಾರಿ ಎದ್ದ.

ಗಾಡಿ ಏರೂಕಿಂತ ಮೊದಲ ಮತ್ತೊಮ್ಮೆ ಬೋರಲು ಹಾಕಿ,
ಹದಿನೇಳರ ಮಗ್ಗಲಿಗ
ಒಂಬತ್ತು ಗೀಟು ಕೊರದೆ.
ಐದು ಮಾಮುಂದು, ನಾಕು ನಂದು.
ಸೇಠ ಮುಂಗಡ ಕೊಟ್ಟಾನ.
ಬಾಕಿ ಇನ್ನೂ ಅದ.