ತೂಕ ನೋಡಿ ಕೊಂಡದ್ದು

ಆಗಸ್ಟಿನ ರಾತ್ರಿ ಒಂದೂವರೆ. ಶಾರ್ಜಾ, ರೋಲಾದ ಹಿಂದಿನ ಓಣಿ.
ಯಾರದೋ ಮಜ್ಲಿಸಿನ ಗೋಡೆಗೆ
ಬೆಳಗಿನ ಬಿಸಿಲು ಬೀಳಿಸುತ್ತ ಕೂತಿದ್ದೆ
ಕಂಪ್ಯೂಟರಿನೊಳಗೆ. ನೂರಕ್ಕೆ ಅರವತ್ತೆರಡು ಮುಗಿದಿತ್ತು.
ಟಪ್.
ಅಷ್ಟೇ. ಬಾಣಲೆಯಲ್ಲಿ ಸಾಸಿವೆಯೊಂದು ಸಿಡಿದ ಹಾಗೆ.
ಬಿಸಿಲು ಆರಿತು. ಪರದೆಯಲ್ಲಿ ನನ್ನದೇ ಮುಖ.
ಹಲಗೆಗೋಡೆಯ ಆಚೆಯಿಂದ ಫ್ಲೋಸಿ ಕೇಳಿದಳು:
"ಈ ಹೊತ್ತಲ್ಲಿ ಬಂಗುಡೆ ಸುಡುವುದು ಯಾರು?"

ಬಂಗುಡೆಯಲ್ಲ. ತೊಂಬತ್ತು ದಿರ್ಹಮಿನ ಪವರ್ ಸಪ್ಲೈ.
ತೊಂಬತ್ತೂ ಅಲ್ಲ, ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದದ್ದು,
ಕೊಸರು ಕೊಟ್ಟ ಕೊತ್ತಂಬರಿ ಸೊಪ್ಪು.
ಅದರ ಬೆನ್ನಿಗೆ ನಾನು ಕಟ್ಟಿದ್ದು
ನಾಲ್ಕು ಸಾವಿರದ ಗ್ರಾಫಿಕ್ಸ್ ಕಾರ್ಡು,
ಮೂರು ರಂಜಾನುಗಳ ಓವರ್‌ಟೈಮು;
ಮದುಮಗಳಿಗೆ ಜರಿಸೀರೆ ಉಡಿಸಿ
ತೂತು ದೋಣಿ ಹತ್ತಿಸಿದ ಹಾಗೆ.

ರಜೆಯ ದಿನ ಬಸ್ಸು ಹಿಡಿದು ಬರ್ ದುಬೈ.
ಖಾಲಿದ್ ಬಿನ್ ವಲೀದ್ ರಸ್ತೆಯ ಅಂಗಡಿಗಳ ಸಾಲಲ್ಲಿ
ಉಳ್ಳಾಲದ ಮೊಯ್ದಿನಬ್ಬರದ್ದು ಮೆಟ್ಟಿಲ ಕೆಳಗಿನ ಗೂಡು.
"ಸಾವಿರ ವ್ಯಾಟಿನದ್ದು ಕೊಡಿ" ಅಂದೆ.
ಎರಡು ಪೆಟ್ಟಿಗೆ ತಂದಿಟ್ಟರು.
"ಓದಬೇಡಿ ಬಾಯಮ್ಮ. ಕೈ ಚಾಚಿ."

ಒಂದು, ಸಾವಿರ ಎಂದು ಕೆಂಪಕ್ಷರದಲ್ಲಿ ಕೂಗುವುದು, ಏಳು ಬಣ್ಣದ ದೀಪದ್ದು,
ಅರಳಿನ ಪೊಟ್ಟಣದಷ್ಟು ಹಗುರ.
ಇನ್ನೊಂದು ಎಂಟುನೂರೈವತ್ತು. ಕಪ್ಪು.
ಅಂಗೈ ತಗ್ಗಿತು, ಅರೆಯುವ ಕಲ್ಲಿನ ಗುಂಡು ಹೊತ್ತಂತೆ.
"ಕಾಗದ ಸುಳ್ಳು ಹೇಳುತ್ತದೆ, ತಾಮ್ರ ಹೇಳುವುದಿಲ್ಲ" ಅಂದವರು
ತಾವೇ ತಿದ್ದಿಕೊಂಡರು:
"ತೂಕವನ್ನೂ ಪೂರಾ ನಂಬಬೇಡಿ ಮಾರಾಯ್ರೆ.
ಒಳಗೆ ಕಬ್ಬಿಣದ ತುಂಡು ಇಟ್ಟು ಕಳಿಸುವ ಪುಣ್ಯಾತ್ಮರುಂಟು.
ಈಗ ಓದಿ. ಸಣ್ಣಕ್ಷರ."

ಭೂತಗನ್ನಡಿ ಕೊಟ್ಟರು.
ಸಾವಿರದ ಪಕ್ಕ ಇರುವೆಯಂಥ ಒಂದು ಪದ: ಪೀಕ್.
ಗಳಿಗೆಯ ಮಟ್ಟಿಗೆ ಸಾವಿರ; ದಿನವಿಡೀ ದುಡಿಯಲು ನಾನೂರು.
ನಗು ಬಂತು. ಈ ಪದ ನನಗೆ ಗೊತ್ತು.
ಬಾಂಬೆಯ ಏಜೆಂಟು ಹೇಳಿದ ಸಂಬಳ ಪೀಕ್.
ಕೈಗೆ ಬಂದದ್ದು ಬೇರೆ,
ಏಳು ವರ್ಷದಿಂದ ಅದರಲ್ಲೇ ಓಡುತ್ತಿದೆ ಯಂತ್ರ.

ಆಮೇಲೆ ಒಂದು ಗಂಟೆ ಪಾಠ, ಎರಡು ಸುಲೈಮಾನಿ.
ಕೆಪಾಸಿಟರು ನೂರೈದು ಡಿಗ್ರಿ ತಾಳುವಂಥದ್ದೇ ಇರಲಿ,
ನಲ್ಲಿಯ ತಣ್ಣೀರೇ ಕೈ ಸುಡುವ ಊರು ಇದು.
ಕಾರ್ಡು ಎವೆ ಮುಚ್ಚುವುದರೊಳಗೆ ಎರಡರಷ್ಟು ಕೇಳುತ್ತದೆ;
ಆ ಹೊತ್ತಿಗೆ ಇಲ್ಲ ಅನ್ನದವನು ಬೇಕು.
ತಾಳದಾದಾಗ ತಾನು ನಂದಿ
ಮನೆಮಂದಿಯನ್ನು ಸುಡದವನು ಬೇಕು.
"ಗಂಡು ನೋಡಿದ ಹಾಗಾಯಿತು" ಅಂದೆ.
"ಗಂಡಿಗೆ ಹತ್ತು ವರ್ಷದ ಗ್ಯಾರಂಟಿ ಯಾರು ಕೊಡುತ್ತಾರೆ?"

ಹತ್ತು ವರ್ಷ.
ನನ್ನ ವೀಸಾ ಎರಡು ವರ್ಷದ್ದು.

ಐನೂರ ಇಪ್ಪತ್ತು ದಿರ್ಹಮ್. ಗೋಲ್ಡ್ ದರ್ಜೆ ಎಂದು ಬರೆದಿತ್ತು.
ಈ ಸಲ ನನಗೇ ಒಂದು ಜೊತೆ ಬಳೆ ಅಂದುಕೊಂಡಿದ್ದೆ;
ಅಬ್ರಾ ಹತ್ತಿ ಕ್ರೀಕ್ ದಾಟಿದರೆ ಚಿನ್ನದ ಬಜಾರು.
ದಾಟಲಿಲ್ಲ.
ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡೇ ಬಂದೆ,
ಪಕ್ಕದ ಸೀಟು ಖಾಲಿಯಿದ್ದರೂ.

ಕ್ಯಾಬಿನೆಟ್ಟಿನ ತಳದಲ್ಲಿ ಅದರ ಜಾಗ. ನಾಲ್ಕು ಸ್ಕ್ರೂ.
ಸ್ವಿಚ್ ಒತ್ತಿದೆ. ಫ್ಯಾನು ತಿರುಗಲೇ ಇಲ್ಲ.
ರಾತ್ರಿ ಹನ್ನೊಂದಕ್ಕೆ ಫೋನು; ಅವರ ಬಾಯಲ್ಲಿ ಅನ್ನ.
"ಬಿಸಿಯಾದರೆ ಮಾತ್ರ ತಿರುಗುತ್ತದೆ ಬಾಯಮ್ಮ,
ಸುಮ್ಮನೆ ಗದ್ದಲ ಮಾಡುವ ಜಾತಿಯಲ್ಲ ಅದು. ಪರದೆ ನೋಡಿ."
ನೋಡಿದೆ. ಕಾರ್ಡು ಬದುಕಿತ್ತು.

ಸೊನ್ನೆಯಿಂದ ಶುರು.
ಎರಡೂಮುಕ್ಕಾಲಿಗೆ ಏಸಿಯ ಕಂಪ್ರೆಸರು ಧಡಕ್ಕೆಂದಿತು,
ಟ್ಯೂಬ್‌ಲೈಟ್ ಕಣ್ಣು ಮಿಟುಕಿಸಿತು,
ಪರದೆ ಮಿಟುಕಿಸಲಿಲ್ಲ.
ಅರವತ್ತೊಂದು.
ಅರವತ್ತೆರಡು. ಉಸಿರು ಹಿಡಿದೆ.
ಅರವತ್ತಮೂರು.

ಎಂದೂ ಕಾಲಿಡದ ಮನೆಯ ಗೋಡೆಗೆ
ಕಿಟಕಿಯ ಜಾಲರಿಯಿಂದ ಬಿಸಿಲು ಬೀಳತೊಡಗಿತು.
ಹಲಗೆಯಾಚೆ ಫ್ಲೋಸಿ ಮಗ್ಗುಲಾದಳು:
"ಇವತ್ತು ಮೀನಿಲ್ಲವೋ?"