ಭೋಸರಿ, ರಾತ್ರಿ ಎರಡೂವರೆ

ನಾಸಿಕ್ ರಸ್ತೆಯ ಲಾರಿಗಳು ವಿರಳವಾಗುವ ತನಕ
ತಕ್ಕಡಿ ನಿಲ್ಲುವುದಿಲ್ಲ. ಕಾಯುತ್ತೇವೆ.
ನಿರ್ವಾತದ ಡ್ರಮ್ಮಿನ ಕಿಟಕಿಗೆ ಹಣೆಯೊತ್ತಿ
ಅಕ್ಕಲಕೋಟೆಯ ರೇವಣಸಿದ್ಧ:
"ಮೂರು ವಾರ ಕಡೆದೀನ್ರಿ ಆ ಬಿಳಿ ಉಂಗುರ.
ಎಷ್ಟು ನೂಕತದ?"

ಚಹಾದಂಗಡಿಯ ಚೀಟಿಯೊಂದನ್ನು
ಅವನ ಅಂಗೈ ಮೇಲಿಟ್ಟೆ.
ಇಷ್ಟು.
ಗ್ರೀಸು ಹತ್ತಿದ ಕೈ; ಚೀಟಿಯ ಭಾರ
ಅದಕ್ಕೆ ಗೊತ್ತೇ ಆಗಲಿಲ್ಲ.

ಕ್ಸೆನಾನ್ ಬಿಟ್ಟೆ. ನೀಲಿ ಹತ್ತಿಕೊಂಡಿತು,
ಸದ್ದಿಲ್ಲದೆ, ಪಂಪುಗಳ ಗೊರಕೆಯಾಚೆ.
"ಎಲ್ಲಿತನಕ ಹೋಗತದರಿ ಇದು?"
ನಿಲ್ಲದೆ ನೂಕಿದರೆ, ಹತ್ತು ತಿಂಗಳಲ್ಲಿ,
ಬೇರೊಂದು ಕಕ್ಷೆಗೆ.
ಅಷ್ಟರಲ್ಲಿ ನಿನ್ನ ಉಂಗುರವನ್ನೂ ತಿಂದಿರುತ್ತದೆ.

ಬಹಳ ಹೊತ್ತು ಸುಮ್ಮನಿದ್ದ.
ಹೊರಗೆ ಉಳ್ಳಾಗಡ್ಡಿ ಹೇರಿದ ಲಾರಿ; ಪರದೆಯ ಗೆರೆ ನಡುಗಿತು.
"ಹಂಗಂತ ಮೊದಲ ಹೇಳಬಾರದಾ ತಾಯಿ,
ಅರ್ಧ ಮಿಲಿ ದಪ್ಪ ಬಿಡತಿದ್ದೆ."