ಎರಡಿಂಚು ಎಡಕ್ಕೆ

ಆರು ವಾರ, ಅಂದ ರೇನೊ ಕಂಗಸ್.
ಕಿವಿಸಂದಿಯ ಪೆನ್ಸಿಲು ತೆಗೆದು
ಕರೆಂಟು ಬಿಲ್ಲಿನ ಬೆನ್ನಿಗೆ ಒಂದು ಚೌಕ ಗೀಚಿದ,
ಚೌಕದೊಳಗೆ ಚಿಕ್ಕದೊಂದು ಚೌಕ:
ಇದು ಸಿಂಕು, ಮೇಲೆ ಕಿಟಕಿ, ಆಚೆಗೆ ಸರೋವರ.
ಸರೋವರಕ್ಕೆ ಮಾತ್ರ ಬಿಲ್ಲು ಹಾಕುವುದಿಲ್ಲ, ಎಂದು ನಕ್ಕ.
ಮೂರರಲ್ಲೊಂದು ಪಾಲು ಮುಂಗಡ. ನಾನು ಚೆಕ್ಕು ಬರೆದೆ.
ಶಾಯಿ ಒಣಗಲೆಂದು ಲೈಲ್ ಅದರ ಮೇಲೆ ಉಫ್ ಎಂದ,
ಮಗುವಿನ ಗಾಯಕ್ಕೆ ಊದುವ ಹಾಗೆ.

ಡುಲೂತಿನಲ್ಲಿ ಏಪ್ರಿಲ್ ಅಂದರೂ ಹಿಮ.
ಮೂವರು ಬಂದರು, ಒಂದು ರೇಡಿಯೊ, ಎರಡು ಗಡಾರಿ.
ಸಂಜೆಯೊಳಗೆ ನಮ್ಮ ಇಪ್ಪತ್ತು ವರ್ಷದ ಅಡುಗೆಮನೆ
ಅಂಗಳದ ಕಸದ ತೊಟ್ಟಿಯಲ್ಲಿ ಬೋರಲು ಬಿದ್ದಿತ್ತು.
ಎಷ್ಟು ಚುರುಕು, ಎಷ್ಟು ಚೊಕ್ಕ, ಅಂದುಕೊಂಡೆವು.
ಕೆಡವುವಾಗ ಎಲ್ಲರೂ ಒಳ್ಳೆಯ ಕೆಲಸಗಾರರೇ.

ಆಮೇಲೆ ನಾಳೆ.
ನಾಳೆ ಎನ್ನುವುದು ರೇನೊನ ಬಾಯಲ್ಲಿ ಒಂದು ಊರು:
ಪ್ಲಂಬರು ಅಲ್ಲಿದ್ದಾನೆ, ಟೈಲ್ಸು ಅಲ್ಲಿಂದ ಹೊರಟಿದೆ,
ನಗರಸಭೆಯ ಇನ್ಸ್‌ಪೆಕ್ಟರಿಗೆ ಅಲ್ಲೇ ಮನೆ.

ಇಸ್ತ್ರಿ ಮೇಜಿನ ಮೇಲೆ ಮೈಕ್ರೋವೇವು.
ಸ್ನಾನದ ತೊಟ್ಟಿಯ ಮುಂದೆ ಮೊಣಕಾಲೂರಿ ತಟ್ಟೆ ತೊಳೆದೆ,
ಚರ್ಚಿನಲ್ಲೂ ಅಷ್ಟು ಹೊತ್ತು ಊರಿದವಳಲ್ಲ.
ಶಾಂಪೂ ವಾಸನೆಯ ಚಮಚ ಬಾಯಿಗಿಟ್ಟು ಲೈಲ್ ಏನೂ ಅನ್ನಲಿಲ್ಲ.
ಏನೂ ಅನ್ನದಿದ್ದುದಕ್ಕೇ ನನಗೆ ಸಿಟ್ಟು.

ಮೊಳೆಯಂಗಡಿಯ ಸಾಲಿನಲ್ಲಿ ನಿಂತರೆ
ಎಲ್ಲರಿಗೂ ಒಬ್ಬೊಬ್ಬ ರೇನೊ.
ಐಯೋನಳವನು ಮುಂಗಡದ ಜೊತೆ ನಾಪತ್ತೆ.
ಚೂವಾ ವಾಂಗನವನು ಹೇಳಿದ ದಿನಕ್ಕೇ ಮುಗಿಸಿ
ಬಚ್ಚಲ ಬಾಗಿಲಿಗೆ ಚಿಲಕವನ್ನು ಹೊರಗಡೆ ಕೂರಿಸಿದ್ದ.
ನನ್ನವನು ದೇವರಂಥವನು, ಅಂದಳು ಇನ್ನೊಬ್ಬಾಕೆ.
ಯಾರೂ ಅವಳ ಕಡೆ ತಿರುಗಲಿಲ್ಲ.

ಜೂನಿನಲ್ಲಿ, ಬಚ್ಚಲ ಕಡೆಯ ಗೋಡೆ ಬಿಚ್ಚಿದಾಗ
ಬ್ಲೇಡುಗಳು ಸುರಿದವು, ತುಕ್ಕು ಹಿಡಿದ ನೂರಾರು ಬ್ಲೇಡು.
ಹಿಂದಿನ ಕಾಲದ ಕನ್ನಡಿಪೆಟ್ಟಿಗೆಯಲ್ಲೊಂದು ಸೀಳಿರುತ್ತಿತ್ತಂತೆ,
ಬೋಳಿಸಿಕೊಂಡು ಅದರೊಳಗೆ ತಳ್ಳಿದರೆ ಮುಗಿಯಿತು.
ರೇನೊ ಕುಕ್ಕರಗಾಲಲ್ಲಿ ಕೂತು
ಕಾಫಿ ಡಬ್ಬಿಗೆ ಒಂದೊಂದೇ ಎತ್ತಿ ಹಾಕಿದ.
ವಾರಕ್ಕೊಂದು ಅಂದರೂ ಮೂವತ್ತು ವರ್ಷದ ಗಡ್ಡ, ಅಂದ.
ಗೋಡೆಗೆ ತಳವೇ ಇಲ್ಲ ಅಂದುಕೊಂಡಿದ್ದ, ಪುಣ್ಯಾತ್ಮ.
ಆ ದಿನ ಬೇರೆ ಕೆಲಸ ಆಗಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೆ ಹನ್ನೊಂದು ದಿನ ಅವನ ಸುಳಿವಿಲ್ಲ. ಫೋನಿಲ್ಲ.
ಹನ್ನೆರಡನೆಯ ದಿನ, ಬಯ್ಗುಳವನ್ನು ದಾರಿಯುದ್ದಕ್ಕೂ
ಬಾಯಿಪಾಠ ಮಾಡುತ್ತ, ಅವನ ಮನೆಗೇ ಕಾರು ಬಿಟ್ಟೆ.
ಬಾಗಿಲು ತೆಗೆದವಳು ಹೆಂಡತಿ, ಡೊರೀನ್.
ಅವನಿಗೆ ಬೆನ್ನು ಹಿಡಿದಿದೆ, ಮಲಗಿದ್ದಾನೆ,
ಬನ್ನಿ, ಕಾಫಿ.
ಬಡಗಿಯ ಎರಡು ಮರದ ಕುದುರೆಗಳ ಮೇಲೆ ಒಂದು ಪ್ಲೈವುಡ್ ಹಲಗೆ,
ಹಲಗೆಯ ಮೇಲೆ ಕರೆಂಟು ಒಲೆ, ಬ್ರೆಡ್ಡು, ಜೆರೇನಿಯಂ ಕುಂಡ.
ಅದರ ಅಂಚು ಕೈ ಉಜ್ಜಿ ಉಜ್ಜಿ ನುಣುಪಾಗಿತ್ತು.
ನನ್ನ ಕಣ್ಣು ಎಲ್ಲಿ ಹೋಯಿತೆಂದು ಅವಳು ಕಂಡಳು.
ಆರು ವಾರ ಅಂದಿದ್ದ, ಅಂದಳು.
ಮಗಳು ಆಗ ಒಂದನೇ ಕ್ಲಾಸು.
ಈಗ ಕಾರು ಓಡಿಸುತ್ತಾಳೆ.
ಬಾಯಿಪಾಠ ಮಾಡಿದ್ದೆಲ್ಲ ಮರೆತು ನಾನು ಸಕ್ಕರೆ ಕೇಳಿದೆ.

ಸೆಪ್ಟೆಂಬರಿಗೆ ಮುಗಿಯಿತು. ಮುಗಿಯಿತು ಅನ್ನಬಹುದು.
ಒಂದು ಡ್ರಾಯರು ಸೊಂಟದಿಂದ ಗುದ್ದಿದರಷ್ಟೇ ಮುಚ್ಚುತ್ತದೆ.
ಕಿಟಕಿ, ಬಿಲ್ಲಿನ ಬೆನ್ನ ಮೇಲೆ ಗೀಚಿದ್ದಕ್ಕಿಂತ
ಎರಡಿಂಚು ಎಡಕ್ಕೆ.
ಅದಿರಿನ ಹಡಗು ಸೇತುವೆಯತ್ತ ಹೊರಳುವಾಗ
ಹಿಂದೆಂದೂ ಕಾಣದ ಅದರ ಮೂತಿ ಈಗ ಕಾಣುತ್ತದೆ.
ಅದಕ್ಕೂ ಅವನು ಬಿಲ್ಲು ಹಾಕಲಿಲ್ಲ.
ಬ್ಲೇಡಿನ ಡಬ್ಬಿ ಸಿಂಕಿನ ಕೆಳಗೇ ಇದೆ.
ಎಲ್ಲಿ ಎಸೆಯುವುದೋ ತಿಳಿಯದು.

ನಿನ್ನೆ ಐಯೋನ್ ಬಂದು ಟೈಲ್ಸಿನ ಮೇಲೆ ಬೆರಳಾಡಿಸಿ
ಅವನ ನಂಬರು ಕೊಡು, ಅಂದಳು. ಕೊಟ್ಟೆ.
ಎಷ್ಟು ದಿನ ಹಿಡಿಯಿತು?
ಕೆಟಲು ಕೂಗುತ್ತಿತ್ತು. ಒಲೆಯ ಕಡೆ ತಿರುಗಿದೆ.